ಜಪಾನಿನ ಬಗ್ಗೆ ಜರ್ಮನ್ನರು ಬರೆದದ್ದರಲ್ಲಿ ಯಾವುದನ್ನು ಮೊದಲು ಓದಬೇಕು?

ಜಪಾನಿಗೆ ಹೊರಡುವ ಮುನ್ನ ಏನನ್ನಾದರೂ ಓದಿಕೊಳ್ಳಬೇಕೆನ್ನುವವರಿಗೂ, ಹೋಗಿ ಬಂದ ಮೇಲೆ ಕಂಡದ್ದರ ಒಳಗುಟ್ಟು ತಿಳಿಯಬೇಕೆನ್ನುವವರಿಗೂ ಜರ್ಮನ್ ಲೇಖಕರ ಹೆಸರುಗಳು ಒಂದಾದ ಮೇಲೊಂದರಂತೆ ಎದುರಾಗುತ್ತವೆ. ಕಳೆದ ಮುನ್ನೂರು ವರ್ಷಗಳಲ್ಲಿ ಜರ್ಮನ್ ಭಾಷಿಕ ವೈದ್ಯರು, ಒಬ್ಬ ವಾಸ್ತುಶಿಲ್ಪಿ, ಒಬ್ಬ ತತ್ತ್ವಶಾಸ್ತ್ರದ ಅಧ್ಯಾಪಕರು, ಈಚೆಗೆ ಒಬ್ಬ ಕಾದಂಬರಿಕಾರ್ತಿ ಜಪಾನಿನ ಬಗ್ಗೆ ಬರೆದಿದ್ದಾರೆ. ಬಂದದ್ದು ಒಂದು ಕೆಲಸಕ್ಕೆ, ಬಿಟ್ಟುಹೋದದ್ದು ಇನ್ನೊಂದನ್ನು ಎಂಬಂಥ ಜರ್ಮನ್ನರು ಕಿಟೆಲ್ ಅವರ 1894ರ ನಿಘಂಟನ್ನು ಬಲ್ಲ ಕನ್ನಡಿಗರಿಗೆ ಹೊಸಬರಲ್ಲ. ಆದರೆ ಇವರೆಲ್ಲರನ್ನೂ ಓದಲು ಬಿಡುವಿರುವವರು ಕಡಿಮೆ. ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಳ್ಳಬೇಕಾದವರಿಗಾಗಿ ಈ ಹೋಲಿಕೆ. ನಮ್ಮಲ್ಲಿ ಹೆಚ್ಚಿನವರು ಇವರನ್ನು ಇಂಗ್ಲಿಷಿನಲ್ಲಿ ಓದುವವರಾದ್ದರಿಂದ ಇಂಗ್ಲಿಷ್ ಆವೃತ್ತಿಗಳನ್ನೇ ಮುಖ್ಯವಾಗಿ ಗಮನಿಸಿದ್ದೇನೆ.

ಅಳೆಯುವುದಕ್ಕೆ ಮಾನದಂಡಗಳು ಬೇಕು. ಲೇಖಕರಿಗೆ ಜಪಾನಿನಲ್ಲಿ ಎಷ್ಟು ಕಾಲ ಸಿಕ್ಕಿತು, ಆ ಕಾಲದಲ್ಲಿ ಎಲ್ಲೆಲ್ಲಿ ಓಡಾಡಲು ಬಿಟ್ಟರು ಎಂಬುದು ಮೊದಲನೆಯದು. ತಿಳಿದದ್ದನ್ನು ಯಾರ ಬಾಯಿಂದ ತಿಳಿದರು, ನಡುವೆ ದುಭಾಷಿ ಇದ್ದರೇ ಎಂಬುದು ಎರಡನೆಯದು. ಜಪಾನನ್ನು ನೋಡಲು ಹೋದರೋ, ತಮಗೆ ಆಗಲೇ ಬೇಕಾಗಿದ್ದ ಒಂದು ಉತ್ತರವನ್ನು ಅಲ್ಲಿ ಹುಡುಕಲು ಹೋದರೋ ಎಂಬುದು ಮೂರನೆಯದು. ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ಇದರ ತೂಕ ಹೆಚ್ಚು. ಇವುಗಳ ಜೊತೆಗೆ, ಪುಸ್ತಕ ಕೈಯಲ್ಲಿ ಹಿಡಿದು ಹೋಗಿ ನಿಲ್ಲಬಹುದಾದ ಜಾಗ ಇಂದಿಗೂ ಉಳಿದಿದೆಯೇ, ಪುಸ್ತಕಕ್ಕೆ ತೆರಬೇಕಾದ ಹಣ ಮತ್ತು ಸಮಯ ಎಷ್ಟು ಎಂಬ ವ್ಯಾವಹಾರಿಕ ಪ್ರಶ್ನೆಗಳೂ ಇವೆ. ಲೇಖಕರು ಜಪಾನನ್ನು ಎಷ್ಟು ಹೊಗಳಿದ್ದಾರೆ ಎಂಬುದನ್ನು ಬೇಕೆಂದೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಕಾಲದಿಂದಲೂ ನನ್ನ ಆಯ್ಕೆಯಿಂದಲೂ ಮೊದಲಿಗರು ಎಂಗೆಲ್ಬರ್ಟ್ ಕೆಂಪ್ಫರ್. ಉತ್ತರ ಜರ್ಮನಿಯ ಲೆಮ್ಗೋ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಈ ವೈದ್ಯರು ಸ್ವೀಡನ್ನಿನ ರಾಯಭಾರ ಮಂಡಲಿಯೊಂದಿಗೆ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ, ಮಲಬಾರ್ ತೀರವನ್ನು ಹಾದು ಬಟಾವಿಯಾ ತಲುಪಿ, 1690ರಲ್ಲಿ ನಾಗಾಸಾಕಿಗೆ ಬಂದಿಳಿದರು. ಆಗ ಯುರೋಪಿಯನ್ನರಲ್ಲಿ ಡಚ್ಚರಿಗೆ ಮಾತ್ರ ಜಪಾನಿಗೆ ಪ್ರವೇಶವಿತ್ತು; ಅವರಿಗಿದ್ದ ಜಾಗವೆಂದರೆ ಬಂದರಿನಲ್ಲಿ ಮಣ್ಣು ತುಂಬಿ ಕಟ್ಟಿದ ಬೀಸಣಿಗೆಯಾಕಾರದ ಪುಟ್ಟ ದ್ವೀಪ ದೆಜಿಮಾ ಒಂದೇ. ವರ್ಷಕ್ಕೊಮ್ಮೆ ಡಚ್ಚರು ದೇಶವನ್ನು ಆಳುತ್ತಿದ್ದ ಸೇನಾಧಿಪತಿ ಶೋಗುನನಿಗೆ ಗೌರವ ಸಲ್ಲಿಸಲು ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಕಾವಲಿನಲ್ಲಿ ಹೋಗಬೇಕಿತ್ತು. ಕೆಂಪ್ಫರ್ 1691 ಮತ್ತು 1692ರಲ್ಲಿ ಎರಡು ಬಾರಿ ಆ ದಾರಿಯಲ್ಲಿ ಹೋಗಿಬಂದರು.

ಮೊದಲ ಮಾನದಂಡದಲ್ಲಿ ಇವರಿಗೆ ಸಿಗುವ ಅಂಕ ಕಡಿಮೆಯೆಂದು ತೋರಬಹುದು: ಎರಡು ವರ್ಷ, ಅದರಲ್ಲೂ ಬಹುಪಾಲು ಸೆರೆವಾಸದಂಥ ಬದುಕು. ಆದರೆ ಬೇಲಿ ಬಿಗಿಯಾದಷ್ಟೂ ಇವರ ಕಣ್ಣು ಚುರುಕಾಯಿತು. ದಿಕ್ಸೂಚಿಯನ್ನು ಪೆಟ್ಟಿಗೆಯೊಂದರಲ್ಲಿಟ್ಟು ಮೇಲೆ ಗಿಡಮೂಲಿಕೆಗಳನ್ನು ಮುಚ್ಚಿಕೊಂಡು, ಸಸ್ಯ ಸಂಗ್ರಹಿಸುವವರಂತೆ ತೋರಿಸಿಕೊಳ್ಳುತ್ತ ದಾರಿಯುದ್ದಕ್ಕೂ ದಿಕ್ಕು ದೂರಗಳನ್ನು ಗುರುತು ಮಾಡಿಕೊಂಡರು. ಹೆದ್ದಾರಿಯ ಜನಜಂಗುಳಿ, ತಂಗುದಾಣಗಳ ಕೋಣೆ, ಭಿಕ್ಷುಗಳು, ಯಾತ್ರಿಕರು, ಸಾಮಂತರ ಮೆರವಣಿಗೆಗಳ ಶಿಸ್ತು ಎಲ್ಲವೂ ಅವರ ಬರಹದಲ್ಲಿ ಸಾಲುಸಾಲಾಗಿ ಬರುತ್ತವೆ. ಶೋಗುನ್ ತೋಕುಗಾವಾ ತ್ಸುನಾಯೋಶಿಯ ಆಸ್ಥಾನದ ಪ್ರಸಂಗವನ್ನಂತೂ ಓದಿದವರು ಮರೆಯುವುದಿಲ್ಲ. ಪರದೆಯ ಹಿಂದೆ ಕುಳಿತ ಶೋಗುನ್ ಈ ವೈದ್ಯರಿಂದ ನಡೆಸಿ, ಕುಣಿಸಿ, ಹಾಡಿಸಿ, ಕುಡುಕನ ನಟನೆ ಮಾಡಿಸಿದ. ನಡುವೆ ದೀರ್ಘಾಯುಸ್ಸಿಗೆ ಔಷಧವೇನಾದರೂ ಉಂಟೇ ಎಂದೂ ಕೇಳಿಸಿದ. ತಮಗಾದ ಈ ಅವಮಾನವನ್ನು ಕೆಂಪ್ಫರ್ ಗೊಣಗಾಟವಿಲ್ಲದೆ, ಒಂದಿಷ್ಟು ನಗುತ್ತಲೇ ಬರೆದಿಟ್ಟಿದ್ದಾರೆ. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಎರಡನೆಯ ಮಾನದಂಡದಲ್ಲೂ ಅವರು ಪ್ರಾಮಾಣಿಕರು. ತಮ್ಮ ಸೇವೆಗೆ ಕೊಟ್ಟ ಯುವಕನಿಗೆ ಡಚ್ ಭಾಷೆಯನ್ನೂ ವೈದ್ಯವನ್ನೂ ಕಲಿಸಿ, ಹೆಚ್ಚು ಸಂಬಳ ಕೊಟ್ಟು, ಅವನ ಮೂಲಕ ಪುಸ್ತಕ, ಮಾಹಿತಿಗಳನ್ನು ತರಿಸಿಕೊಂಡೆನೆಂದು ಅವರೇ ಹೇಳುತ್ತಾರೆ. ಆ ಯುವಕನಿಗೆ ಅಪಾಯವಾದೀತೆಂಬ ಕಾರಣಕ್ಕಿರಬೇಕು, ಹೆಸರು ಹೇಳುವುದಿಲ್ಲ. ಅವನು ಇಮಾಮುರಾ ಗೆನ್‌ಎಮೋನ್ ಎಂದು ಬಹಳ ಕಾಲದ ನಂತರ ಸಂಶೋಧಕರು ಗುರುತಿಸಿದರು. ಕೆಂಪ್ಫರ್ ಅವರ ಬರಹದಲ್ಲಿ ಪಕ್ಷಪಾತವಿಲ್ಲವೆಂದಲ್ಲ. ಜಪಾನ್ ಬಾಗಿಲು ಮುಚ್ಚಿಕೊಂಡು ಬದುಕುವುದೇ ಅದಕ್ಕೆ ಒಳಿತು ಎಂದು ಅವರು ವಾದಿಸುತ್ತಾರೆ. ಮೂವತ್ತು ವರ್ಷಗಳ ಯುದ್ಧ ಮುಗಿದು ಮೂರೇ ವರ್ಷಕ್ಕೆ, ಮಾಟಗಾತಿಯರ ವಿಚಾರಣೆಗಳಿಗೆ ಕುಖ್ಯಾತವಾದ ಊರಿನಲ್ಲಿ ಹುಟ್ಟಿದವರಿಗೆ ಯುದ್ಧವಿಲ್ಲದ ನಾಡು ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆವೃತ್ತಿಯ ವಿಷಯದಲ್ಲಿ ಎಚ್ಚರ ಬೇಕು. ಕೆಂಪ್ಫರ್ 1716ರಲ್ಲಿ ತೀರಿಕೊಂಡಾಗ ಜಪಾನಿನ ಮೇಲಿನ ಈ ಹಸ್ತಪ್ರತಿ ಅಚ್ಚಾಗಿರಲಿಲ್ಲ. ಲಂಡನ್ನಿನ ಹ್ಯಾನ್ಸ್ ಸ್ಲೋನ್ ಅದನ್ನು ಕೊಂಡು, ಶೋಯ್ಚರ್ ಎಂಬ ತರುಣರಿಂದ ಅನುವಾದ ಮಾಡಿಸಿ 1727ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಜರ್ಮನ್ನರಿಗೆ ತಮ್ಮ ಭಾಷೆಯ ಪೂರ್ಣ ಆವೃತ್ತಿ ಸಿಕ್ಕಿದ್ದು 1777ರಿಂದ 1779ರ ನಡುವೆ. 1727ರ ಪುಸ್ತಕ ಅಂತರಜಾಲದಲ್ಲಿ ಉಚಿತ. ಆದರೆ ಆ ಅನುವಾದಕರು ಮೂಲವನ್ನು ಅಲ್ಲಲ್ಲಿ ತಿದ್ದಿ ಹೊಳಪು ಕೊಟ್ಟಿದ್ದಾರೆ. ಬಿಯಾಟ್ರಿಸ್ ಬೋಡಾರ್ಟ್-ಬೈಲಿ ಅವರು ಹಸ್ತಪ್ರತಿಯಿಂದ ಮಾಡಿದ, ಟಿಪ್ಪಣಿಗಳಿರುವ 1999ರ ಇಂಗ್ಲಿಷ್ ಅನುವಾದ ಹೆಚ್ಚು ನಂಬಲರ್ಹ. ಹಣ ಹಾಕಬಲ್ಲವರು ಅದನ್ನೇ ಕೊಳ್ಳಲಿ, ಇಲ್ಲದವರು ಹಳೆಯದರಲ್ಲಿ ಎದೋ ಪ್ರಯಾಣದ ಭಾಗವನ್ನಷ್ಟೇ ಓದಲಿ. ಆರಂಭದಲ್ಲಿ ಬರುವ ಜಪಾನೀಯರ ಮೂಲ, ರಾಜವಂಶಾವಳಿ, ಖನಿಜಗಳ ಪಟ್ಟಿ ಮುಂತಾದವನ್ನು ದಾಟಿ ಮುಂದೆ ಹೋದರೆ ನಷ್ಟವೇನಿಲ್ಲ.

ಫಿಲಿಪ್ ಫ್ರಾನ್ಸ್ ಫೊನ್ ಸೀಬೋಲ್ಡ್ ಅವರ ಪ್ರಸಂಗ ಬೇರೆ. ವ್ಯೂರ್ಟ್ಸ್‌ಬರ್ಗ್‌ನ ಈ ವೈದ್ಯರು 1823ರಲ್ಲಿ ಅದೇ ದೆಜಿಮಾಕ್ಕೆ ಬಂದರು. ಉಚ್ಚಾರಣೆ ಡಚ್ಚರಂತಿಲ್ಲವೆಂದು ಜಪಾನೀ ದುಭಾಷಿಗಳು ಸಂಶಯಪಟ್ಟಾಗ, ತಾವು ಹಾಲೆಂಡಿನ ಬೆಟ್ಟಸೀಮೆಯವರೆಂದು ಹೇಳಿ ಪಾರಾದರಂತೆ. ಹಾಲೆಂಡಿನಲ್ಲಿ ಬೆಟ್ಟಗಳಿಲ್ಲವೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರಿಗೆ ಕೆಂಪ್ಫರ್ ಅವರಿಗಿಂತ ಹೆಚ್ಚಿನ ಸ್ವಾತಂತ್ರ್ಯ ಸಿಕ್ಕಿತು. ನಾಗಾಸಾಕಿಯ ಹೊರವಲಯದ ನಾರುತಾಕಿಯಲ್ಲಿ ಶಾಲೆ ನಡೆಸಿದರು, ಶಿಷ್ಯರಿಂದ ಜಪಾನಿನ ಒಂದೊಂದು ವಿಷಯದ ಮೇಲೆ ಡಚ್ ಭಾಷೆಯಲ್ಲಿ ಪ್ರಬಂಧ ಬರೆಸಿಕೊಂಡರು, 1826ರಲ್ಲಿ ಎದೋಗೂ ಹೋಗಿಬಂದರು. ಆದರೆ ಅವರ ಸಂಗ್ರಹದ ಹಸಿವಿಗೆ ಬೆಲೆ ತೆತ್ತವರು ಜಪಾನೀಯರು. ಹೊರದೇಶಕ್ಕೆ ಹೋಗಕೂಡದ ಭೂಪಟಗಳನ್ನು ಅವರಿಗೆ ಕೊಟ್ಟದ್ದು 1828ರಲ್ಲಿ ಬಯಲಾಗಿ, ಆಸ್ಥಾನದ ಖಗೋಳಜ್ಞ ತಾಕಾಹಾಶಿ ಕಾಗೆಯಾಸು ಸೆರೆಮನೆಯಲ್ಲಿ ಸತ್ತರು. ಸೀಬೋಲ್ಡ್ ಅವರನ್ನು ದೇಶದಿಂದ ಹೊರಗಟ್ಟಲಾಯಿತು.

ಲೈಡನ್‌ನಲ್ಲಿ ನೆಲೆಸಿ 1832ರಿಂದ ಕಂತುಗಳಲ್ಲಿ ಅವರು ಹೊರತಂದ ‘ನಿಪ್ಪೋನ್’ ಒಂದು ಮಹಾಗ್ರಂಥ. ಜಪಾನೀ ಸಸ್ಯಗಳು, ಪ್ರಾಣಿಗಳು, ಪಾತ್ರೆಪದಾರ್ಥಗಳು, ಚಿತ್ರಗಳ ಬಗ್ಗೆ ಸಂಶೋಧಿಸುವವರು ಇದನ್ನು ಬಿಟ್ಟು ಮುಂದೆ ಹೋಗಲಾರರು. ಸಾಮಾನ್ಯ ಓದುಗರಿಗೆ ಇದನ್ನು ನಾನು ಸೂಚಿಸಲಾರೆ. ಇದು ಓದುವ ಪುಸ್ತಕವಲ್ಲ, ಹುಡುಕುವ ಪುಸ್ತಕ. ಗ್ರಂಥಾಲಯಗಳು ಡಿಜಿಟಲ್ ರೂಪದಲ್ಲಿ ಉಚಿತವಾಗಿ ಒದಗಿಸಿರುವ ಚಿತ್ರಪಟಗಳನ್ನು ಒಂದು ಸಂಜೆ ನೋಡಿ, ನಾಗಾಸಾಕಿಗೆ ಹೋದಾಗ ನಾರುತಾಕಿಯ ಸೀಬೋಲ್ಡ್ ಸ್ಮಾರಕ ಸಂಗ್ರಹಾಲಯಕ್ಕೆ ಭೇಟಿ ಕೊಟ್ಟರೆ ಸಾಕು. ಅಲ್ಲಿ ಅವರ ಮಗಳು ಕುಸುಮೋತೋ ಇನೆಯ ಕಥೆಯನ್ನೂ ಕೇಳಬಹುದು. ಪಾಶ್ಚಾತ್ಯ ವೈದ್ಯವನ್ನು ಕಲಿತು ಪ್ರಸೂತಿ ತಜ್ಞೆಯಾದ ಆಕೆಯ ಬದುಕು ತಂದೆಯ ಗ್ರಂಥಕ್ಕಿಂತ ಸ್ವಾರಸ್ಯಕರವೆಂದು ಹೇಳಿದರೆ ವಿದ್ವಾಂಸರು ಮುನಿಸಿಕೊಳ್ಳಲಾರರೆಂದು ನಂಬಿದ್ದೇನೆ.

ಈ ಇಬ್ಬರು ವೈದ್ಯರ ಜೊತೆಗೆ ಮೂರನೆಯವರೊಬ್ಬರನ್ನು ಚುಟುಕಾಗಿ ಹೆಸರಿಸಬೇಕು. 1876ರಿಂದ 1905ರವರೆಗೆ ಟೋಕಿಯೋದಲ್ಲಿದ್ದ ಎರ್ವಿನ್ ಬೆಲ್ಟ್ಸ್ ಅವರ ದಿನಚರಿಯನ್ನು ಮಗ ಸಂಪಾದಿಸಿ ಪ್ರಕಟಿಸಿದರು. ಇಂಗ್ಲಿಷ್ ಅನುವಾದ 1932ರದು. ಕಾಲಾವಧಿಯಲ್ಲಿ ಇಲ್ಲಿ ಯಾರೂ ಇವರಿಗೆ ಸಾಟಿಯಲ್ಲ. 1889ರ ಸಂವಿಧಾನ ಘೋಷಣೆಯ ಮುನ್ನಾದಿನಗಳಲ್ಲಿ ಇಡೀ ನಗರ ಸಂಭ್ರಮಪಡುತ್ತಿದ್ದರೂ ಅದರೊಳಗೆ ಏನಿದೆಯೆಂದು ಒಬ್ಬರಿಗೂ ತಿಳಿದಿಲ್ಲವಲ್ಲ ಎಂದು ನಗುವ ಸ್ವಭಾವ ಅವರದು. ಮೇಜಿ ಯುಗದ ರಾಜಕಾರಣದಲ್ಲಿ ಆಸಕ್ತಿಯಿರುವವರಿಗೆ ಇದು ಚೆನ್ನ. ಪ್ರವಾಸದ ದೃಷ್ಟಿಯಿಂದ ಉಪಯೋಗ ಕಡಿಮೆ, ಅವರು ಮೆಚ್ಚಿ ಪ್ರಚಾರ ಮಾಡಿದ ಕುಸಾತ್ಸುವಿನ ಬಿಸಿನೀರಿನ ಬುಗ್ಗೆಗಳನ್ನು ಬಿಟ್ಟರೆ.

ಕ್ಯೋಟೋ ಸುತ್ತಲು ಹೋಗುವವರಿಗೆ ಹೆಚ್ಚಾಗಿ ಸೂಚಿತವಾಗುವ ಹೆಸರು ಬ್ರೂನೋ ತಾವ್ಟ್. ಬರ್ಲಿನ್ನಿನಲ್ಲಿ ಕಾರ್ಮಿಕರಿಗಾಗಿ ದೊಡ್ಡ ವಸತಿ ಬಡಾವಣೆಗಳನ್ನು ಕಟ್ಟಿದ ಈ ವಾಸ್ತುಶಿಲ್ಪಿ, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ತೊರೆದು ಮೇ ತಿಂಗಳಿನಲ್ಲಿ ಜಪಾನ್ ತಲುಪಿದರು. ಬಂದಿಳಿದ ಮರುದಿನ, ತಮ್ಮ 53ನೆಯ ಹುಟ್ಟುಹಬ್ಬದಂದು, ಅವರನ್ನು ಕತ್ಸುರಾ ಅರಮನೆ ಮತ್ತು ಉದ್ಯಾನಕ್ಕೆ ಕರೆದೊಯ್ಯಲಾಯಿತು. ಕತ್ಸುರಾದ ಸರಳತೆಯಲ್ಲಿ ಆಧುನಿಕ ವಾಸ್ತುವಿನ ಆದರ್ಶವನ್ನು ಕಂಡ ಅವರು, ಅದಕ್ಕೆದುರಾಗಿ ನಿಕ್ಕೋದ ತೋಶೋಗು ಮಂದಿರದ ಚಿನ್ನ ಬಣ್ಣಗಳ ಅಲಂಕಾರವನ್ನು ಕೀಳಭಿರುಚಿಯೆಂದು ಜರೆದರು. ಇಸೆ ಮಂದಿರ, ಶಿರಾಕಾವಾದ ಹುಲ್ಲುಮಾಡಿನ ಎತ್ತರದ ರೈತಮನೆಗಳು ಅವರಿಗೆ ಮೆಚ್ಚಿಗೆಯಾದವು. ತಾಕಾಸಾಕಿಯ ಶೋರಿನ್‌ಜಾನ್ ದೇವಾಲಯದ ಆವರಣದಲ್ಲಿದ್ದ ಸೆನ್‌ಶಿನ್‌ತೇ ಎಂಬ ಪುಟ್ಟ ಮನೆಯಲ್ಲಿ ಎರಡು ವರ್ಷಕ್ಕೂ ಮಿಕ್ಕಿ ವಾಸಿಸಿ, ‘ಹೌಸಸ್ ಅಂಡ್ ಪೀಪಲ್ ಆಫ್ ಜಪಾನ್’ ಬರೆದರು. 1937ರಲ್ಲಿ ಟೋಕಿಯೋದಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು.

ಮನೆಯೊಳಗಿನ ಬದುಕನ್ನು, ಅಂದರೆ ನೆಲದ ಮೇಲೆ ಕೂರುವುದು, ಕಾಗದದ ಜಾರುಬಾಗಿಲು, ಸ್ನಾನ, ಋತುಗಳಿಗೆ ತಕ್ಕಂತೆ ಮನೆಯ ಬದಲಾವಣೆ ಇವನ್ನು ಕಟ್ಟುವವರ ಕಣ್ಣಿನಿಂದ ನೋಡುವ ಪುಸ್ತಕ ಇಲ್ಲಿನ ಬೇರೆ ಯಾವುದೂ ಅಲ್ಲ. ಮೂರನೆಯ ಮಾನದಂಡದಲ್ಲಿ ಮಾತ್ರ ತಾವ್ಟ್ ಸ್ವಲ್ಪ ಎಡವುತ್ತಾರೆ. ಅವರಿಗೆ ಜಪಾನೀ ಬರುತ್ತಿರಲಿಲ್ಲ. ಅವರನ್ನು ಆಹ್ವಾನಿಸಿ ಕತ್ಸುರಾ ತೋರಿಸಿದವರು ಜಪಾನಿನ ಆಧುನಿಕತಾವಾದಿ ವಾಸ್ತುಶಿಲ್ಪಿಗಳು, ಮತ್ತು ಅವರಿಗೆ ಯುರೋಪಿನ ಹೆಸರಾಂತ ವ್ಯಕ್ತಿಯ ಬಾಯಿಂದ ಬರಬೇಕಿದ್ದ ಮಾತು ಯಾವುದೆಂದು ಮೊದಲೇ ಗೊತ್ತಿತ್ತು. ಈ ವಾದವನ್ನು ಜಪಾನೀ ವಿದ್ವಾಂಸ ಇನೋಉಎ ಶೋಇಚಿ 1986ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಕತ್ಸುರಾ ಮತ್ತು ನಿಕ್ಕೋ ಎರಡೂ ಹದಿನೇಳನೆಯ ಶತಮಾನದ ಪೂರ್ವಾರ್ಧದವೇ ಎಂಬುದನ್ನು ನೆನಪಿಟ್ಟುಕೊಂಡರೆ, ಒಂದು ಶುದ್ಧ, ಇನ್ನೊಂದು ಭ್ರಷ್ಟ ಎಂಬ ವಿಂಗಡಣೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಬೇಲೂರಿನ ಕುಸುರಿಯನ್ನು ಕಂಡು ಬೆಳೆದ ಕಣ್ಣಿಗೆ ನಿಕ್ಕೋದ ಕೆತ್ತನೆ ಇಷ್ಟವಾದರೆ ನಾಚಿಕೊಳ್ಳಬೇಕಾಗಿಲ್ಲ.

ಹಾಗಿದ್ದರೂ ಪ್ರವಾಸಿಗೆ ಸ್ಥಳಗಳ ಲೆಕ್ಕದಲ್ಲಿ ತಾವ್ಟ್ ಅವರೇ ಮುಂದು. ಕತ್ಸುರಾಕ್ಕೆ ಸಾಮ್ರಾಟರ ಗೃಹ ಇಲಾಖೆಯ ಅನುಮತಿ ಬೇಕು, ಮುಂಚಿತವಾಗಿ ಅರ್ಜಿ ಹಾಕುವುದು ಒಳ್ಳೆಯದು. ಸೆನ್‌ಶಿನ್‌ತೇ ಮನೆ ಇಂದಿಗೂ ಅಲ್ಲೇ ಇದೆ. ಅವರು ಜಪಾನಿನಲ್ಲಿ ವಿನ್ಯಾಸ ಮಾಡಿದ್ದರಲ್ಲಿ ಉಳಿದಿರುವ ಅಟಾಮಿಯ ಹ್ಯೂಗಾ ವಿಲ್ಲಾದ ನೆಲಮಾಳಿಗೆಯ ಕೋಣೆಗಳೂ ಇವೆ. ಪುಸ್ತಕದ ಹಳೆಯ ಪ್ರತಿಗಳು ದುಬಾರಿ. ಕಡಿಮೆ ಖರ್ಚಿನಲ್ಲಿ ಅವರ ವಾದದ ತಿರುಳು ಬೇಕೆನ್ನುವವರು ಜಪಾನೀ ವಾಸ್ತುವಿನ ಮೂಲತತ್ತ್ವಗಳ ಬಗ್ಗೆ ಅವರು ಮಾಡಿದ, 1936ರಲ್ಲಿ ಪುಸ್ತಿಕೆಯಾಗಿ ಬಂದ ಉಪನ್ಯಾಸವನ್ನು ಗ್ರಂಥಾಲಯಗಳಲ್ಲಿ ಹುಡುಕಬಹುದು.

ಓಯ್ಗೆನ್ ಹೆರಿಗೆಲ್ ಅವರ ವಿಷಯದಲ್ಲಿ ತೂಗುವುದು ಕಷ್ಟ, ಯಾಕೆಂದರೆ ಈ ಪಟ್ಟಿಯಲ್ಲಿ ಹೆಚ್ಚು ಜನ ಓದಿರುವುದು ಅವರನ್ನೇ. 1924ರಿಂದ 1929ರವರೆಗೆ ಸೆಂದಾಯ್‌ನ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತ, ಆವಾ ಕೆಂಜೋ ಎಂಬ ಗುರುವಿನಲ್ಲಿ ಬಿಲ್ವಿದ್ಯೆ ಕಲಿತ ಅನುಭವವನ್ನು ಅವರು 1948ರಲ್ಲಿ ಪುಸ್ತಕವಾಗಿಸಿದರು. 1953ರ ಇಂಗ್ಲಿಷ್ ಅನುವಾದಕ್ಕೆ ಜಪಾನೀ ಬೌದ್ಧ ವಿದ್ವಾಂಸ ಡಿ.ಟಿ. ಸುಜುಕಿ ಮುನ್ನುಡಿ ಬರೆದರು. ನೂರು ಪುಟದ ಆಸುಪಾಸಿನ, ಅಗ್ಗದ ಪೇಪರ್‌ಬ್ಯಾಕ್‌ನಲ್ಲಿ ಸಿಗುವ, ಒಂದೇ ದಿನದಲ್ಲಿ ಓದಿ ಮುಗಿಯುವ ಪುಸ್ತಕ. ಬಿಲ್ಲನ್ನು ಎಳೆಯುವುದನ್ನು ಕಲಿಯಲು ಕಳೆದ ದೀರ್ಘ ಕಾಲ, ಉಸಿರಿನ ಶಿಕ್ಷಣ, ಬಾಣವನ್ನು ತಾನಾಗಿ ಬಿಡದೆ ಅದು ಬಿಟ್ಟುಹೋಗುವಂತೆ ಕಾಯುವ ಹೆಣಗಾಟ ಇವೆಲ್ಲ ಚೆನ್ನಾಗಿ ಮೂಡಿವೆ. ಕತ್ತಲಲ್ಲಿ ಗುರು ಎರಡು ಬಾಣ ಬಿಟ್ಟು, ಎರಡನೆಯದು ಮೊದಲನೆಯದರ ಬೆನ್ನನ್ನು ಸೀಳಿದ ಪ್ರಸಂಗವನ್ನು ಎಷ್ಟೋ ಜನ ಪುಸ್ತಕ ಓದದೆಯೂ ಬಲ್ಲರು.

ಇದನ್ನು ಜಪಾನೀ ಸಂಸ್ಕೃತಿಯ ಪುಸ್ತಕವೆಂದು ಓದಲು ಹೊರಟರೆ ಮಾತ್ರ ತೊಡಕು. ಹೆರಿಗೆಲ್ ಜಪಾನಿಗೆ ಬರುವ ಮುಂಚೆಯೇ ಅನುಭಾವದ ಹುಡುಕಾಟದಲ್ಲಿದ್ದವರು. ಬಿಲ್ವಿದ್ಯೆ ಅವರಿಗೆ ಧ್ಯಾನಪ್ರಧಾನ ಬೌದ್ಧ ಪಂಥವಾದ ಝೆನ್‌ಗೆ ಹೋಗುವ ಬಾಗಿಲಾಗಬೇಕಿತ್ತು. ಗುರು ಆವಾ ಅವರ ಬೋಧನೆ ಬಿಲ್ಗಾರರಲ್ಲೇ ವಿಶಿಷ್ಟವಾದದ್ದು, ಅವರು ಝೆನ್ ಸಾಧನೆ ಮಾಡಿದವರೂ ಅಲ್ಲ, ಕತ್ತಲ ರಾತ್ರಿಯ ಪ್ರಸಂಗದಲ್ಲಿ ದುಭಾಷಿ ಇರಲಿಲ್ಲ ಎಂದು ಜಪಾನೀ ಸಂಶೋಧಕ ಯಮಾದಾ ಶೋಜಿ 2001ರಲ್ಲಿ ತೋರಿಸಿಕೊಟ್ಟರು. ಬಾಣ ಸೀಳಿದ್ದು ಆಕಸ್ಮಿಕವೆಂದು ಆವಾ ಅವರೇ ಶಿಷ್ಯರೊಬ್ಬರಿಗೆ ಹೇಳಿದ್ದರೆಂಬ ಉಲ್ಲೇಖವನ್ನೂ ಅವರು ಮುಂದಿಡುತ್ತಾರೆ. ಇದಲ್ಲದೆ ಹೆರಿಗೆಲ್ 1937ರಲ್ಲಿ ನಾಜಿ ಪಕ್ಷ ಸೇರಿದವರು, ಯುದ್ಧದ ಕೊನೆಯ ಹಂತದಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಪುಸ್ತಕದಲ್ಲಿ ಆ ಸುಳಿವಿಲ್ಲ, ಆದರೆ ಅಹಂಕಾರ ಕರಗಿದ ಸಾಧಕರ ಚಿತ್ರವನ್ನು ಓದುವಾಗ ಅದು ತಿಳಿದಿರುವುದು ಅಗತ್ಯ. ಅದೇ 1933ರ ನಂತರದ ವರ್ಷಗಳಲ್ಲಿ ತಾವ್ಟ್ ದೇಶ ಬಿಟ್ಟರು, ಇವರು ಪಕ್ಷ ಸೇರಿದರು ಎಂಬ ವ್ಯತ್ಯಾಸವನ್ನು ನಾನು ಬದಿಗಿಡಲಾರೆ. ಕಲಿಕೆಯ ಮನಃಸ್ಥಿತಿಯ ಬಗ್ಗೆ, ಸಂಗೀತವೋ ಕುಸ್ತಿಯೋ ಗುರುವಿನ ಬಳಿ ಕಲಿತವರಿಗೆ ಈ ಪುಸ್ತಕ ಏನಾದರೂ ಹೇಳೀತು; ಜಪಾನಿನ ಬಗ್ಗೆ ತಿಳಿಯಲು ಇದೊಂದನ್ನೇ ನೆಚ್ಚುವುದು ಬೇಡ.

ಕಾದಂಬರಿ ಓದುವವರಿಗೆ, ಈ ಪಟ್ಟಿಯ ಉಳಿದವರೆಲ್ಲ ಭಾರವೆನಿಸಿದವರಿಗೆ ಮಾರಿಯೋನ್ ಪೋಶ್‌ಮನ್ ಇದ್ದಾರೆ. 1969ರಲ್ಲಿ ಎಸೆನ್‌ನಲ್ಲಿ ಹುಟ್ಟಿದ ಈ ಕವಯಿತ್ರಿಯ 2017ರ ಕಾದಂಬರಿ ‘ದಿ ಪೈನ್ ಐಲ್ಯಾಂಡ್ಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದು 2019ರ ಮ್ಯಾನ್ ಬೂಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಗೇರಿತು. ಗಡ್ಡಗಳ ಬಗ್ಗೆ ಸಂಶೋಧನೆ ಮಾಡುವ ಜರ್ಮನ್ ಅಧ್ಯಾಪಕನೊಬ್ಬ ಒಂದು ಕನಸನ್ನು ನಂಬಿ ಹೆಂಡತಿಯನ್ನು ಬಿಟ್ಟು ಟೋಕಿಯೋಗೆ ಹಾರಿ, ಕವಿ ಬಾಶೋನ ಹೆಜ್ಜೆ ಹಿಡಿದು ಮಾತ್ಸುಶಿಮಾದ ಪೈನ್ ಮರಗಳ ದ್ವೀಪಗಳತ್ತ ಹೊರಡುವ ಕಥೆ ಇದು. ದಾರಿಯಲ್ಲಿ ಜೊತೆಯಾಗುವ ವಿದ್ಯಾರ್ಥಿ ಸಾಯಲು ಜಾಗ ಹುಡುಕುತ್ತಿರುವವನು. ಆ ವಿಷಯ ಮನಸ್ಸಿಗೆ ಕಸಿವಿಸಿ ತರುವಂತಿದ್ದರೆ ಓದದಿರುವುದೇ ಒಳ್ಳೆಯದು. ಮೂರನೆಯ ಮಾನದಂಡದಲ್ಲಿ ಪೋಶ್‌ಮನ್ ಗೆಲ್ಲುವುದು ಒಂದು ಜಾಣತನದಿಂದ: ತನಗೆ ಬೇಕಾದ ಜಪಾನನ್ನು ಹುಡುಕುವ ಯುರೋಪಿಯನ್ನನನ್ನೇ ಅವರು ನಗೆಪಾಟಲಿನ ಪಾತ್ರವಾಗಿಸಿದ್ದಾರೆ. ಅವನಿಗೆ ಕಾಣುವುದು ಪುಸ್ತಕದ ಜಪಾನ್, ಎದುರಾಗುವುದು ರೈಲು ನಿಲ್ದಾಣಗಳ ಜಪಾನ್. ಆದರೆ ಮಾಹಿತಿಗಾಗಿ ಓದುವವರಿಗೆ ಇದರಲ್ಲಿ ದಕ್ಕುವುದು ಕಡಿಮೆ. ಬಾಶೋ ಉತ್ತರದ ಆ ಕಾಲ್ನಡಿಗೆಗೆ ಹೊರಟದ್ದು 1689ರಲ್ಲಿ, ಕೆಂಪ್ಫರ್ ನಾಗಾಸಾಕಿಗೆ ಬರುವ ಹಿಂದಿನ ವರ್ಷ. ಇಬ್ಬರ ಪ್ರವಾಸವೂ ಒಬ್ಬನೇ ಶೋಗುನನ ಆಳ್ವಿಕೆಯಲ್ಲಿ ನಡೆಯಿತು. ಹಾಗಾಗಿ ಇವೆರಡನ್ನು ಜೊತೆಯಾಗಿ ಓದುವುದರಲ್ಲಿ ಒಂದು ಬೇರೆಯೇ ಸ್ವಾರಸ್ಯವಿದೆ.

ಇನ್ನು ಆರಿಸಿಕೊಳ್ಳುವ ಮಾತು. ಪ್ರವಾಸ ಕ್ಯೋಟೋ, ನಾರಾ, ಶಿರಾಕಾವಾ ಕಡೆಗೆ, ಕಟ್ಟಡ ಉದ್ಯಾನಗಳಲ್ಲಿ ಆಸಕ್ತಿ ಇದ್ದರೆ ತಾವ್ಟ್. ಅವರ ತೀರ್ಪುಗಳನ್ನು ಒಪ್ಪದೆ ಓದುವ ಧೈರ್ಯ ಜೊತೆಗಿರಲಿ. ನಾಗಾಸಾಕಿಗೆ ಹೋಗುವವರಿಗೆ, ಅಥವಾ ಎಲ್ಲಿಗೂ ಹೋಗದೆ ಮನೆಯಲ್ಲೇ ಕುಳಿತು ಓದುವವರಿಗೆ ಕೆಂಪ್ಫರ್. ದೆಜಿಮಾವನ್ನು ಈಗ ಹಳೆಯ ಮಾದರಿಯಲ್ಲಿ ಮರಳಿ ಕಟ್ಟಲಾಗುತ್ತಿದ್ದು, ಕೆಲವೇ ನಿಮಿಷಗಳಲ್ಲಿ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದಾಗ ಆ ಗ್ರಂಥ ಎಷ್ಟು ಸಣ್ಣ ಜಾಗದಿಂದ ಹೊರಟದ್ದೆಂಬುದು ಮನದಟ್ಟಾಗುತ್ತದೆ. ಸೆಂದಾಯ್ ಕಡೆಗೆ ಹೋಗುವವರಿಗೆ ಹೆರಿಗೆಲ್ ಮತ್ತು ಪೋಶ್‌ಮನ್ ಇಬ್ಬರೂ ಒಂದೇ ಪ್ರವಾಸದಲ್ಲಿ ಹೊಂದುತ್ತಾರೆ, ಅಲ್ಲಿಂದ ಮಾತ್ಸುಶಿಮಾಕ್ಕೆ ಸ್ಥಳೀಯ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಖರ್ಚೇ ಮಾಡಲಾರದ ವಿದ್ಯಾರ್ಥಿಗೆ 1727ರ ಕೆಂಪ್ಫರ್ ಮತ್ತು ಸೀಬೋಲ್ಡ್ ಅವರ ಚಿತ್ರಪಟಗಳು ಸಾಕಷ್ಟಾದಾವು.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಜರ್ಮನ್ ಕಲಿತು, ಮೂಲದಲ್ಲೇ ಓದಬೇಕೆನ್ನುವವರಿಗೆ ಈ ಕ್ರಮ ಬದಲಾಗುತ್ತದೆ. ಹೆರಿಗೆಲ್ ಅವರ ಗದ್ಯ ಚಿಕ್ಕದು, ಸ್ಪಷ್ಟ. ಮಧ್ಯಮ ಹಂತ ದಾಟಿದವರು ನಿಘಂಟಿನ ನೆರವಿನಿಂದ ಅದನ್ನು ಮುಗಿಸಬಹುದು. ಪೋಶ್‌ಮನ್ ಅವರ ವಾಕ್ಯಗಳು ಕವಿಯ ವಾಕ್ಯಗಳು, ವ್ಯಂಗ್ಯ ಹಿಡಿಯಲು ಕಿವಿ ಪಳಗಿರಬೇಕು. ಕೆಂಪ್ಫರ್ ಅವರ ಹಳೆಯ ಜರ್ಮನ್, ಅದರಲ್ಲೂ ಗೋಥಿಕ್ ಅಚ್ಚಿನ ಹದಿನೆಂಟನೆಯ ಶತಮಾನದ ಆವೃತ್ತಿ, ಜರ್ಮನ್ನರಿಗೇ ನಿಧಾನದ ಓದು. ಅದನ್ನು ಇಂಗ್ಲಿಷಿನಲ್ಲಿ ಓದಿ, ಶೋಗುನನ ಆಸ್ಥಾನದ ಆ ಕೆಲವು ಪುಟಗಳನ್ನಷ್ಟೇ ಮೂಲದೊಂದಿಗೆ ಹೋಲಿಸಿ ನೋಡುವುದು ಸಾಧ್ಯವಿರುವ ಕೆಲಸ.